ಗೆದ್ದವರ ಕಲ್ಲು, ಸೋತವರ ಗ್ರಂಥ

ಲಂಡನ್ ನಗರದ ಬ್ರಿಟಿಷ್ ವಸ್ತುಸಂಗ್ರಹಾಲಯದ ಒಂದು ಕೊಠಡಿಯಲ್ಲಿ ಗೋಡೆಗಳ ಉದ್ದಕ್ಕೂ ಉಬ್ಬುಚಿತ್ರಗಳುಳ್ಳ ಕಲ್ಲಿನ ಫಲಕಗಳನ್ನು ಜೋಡಿಸಿದ್ದಾರೆ. ಸೈನ್ಯವೊಂದು ಕೋಟೆಯನ್ನು ಮುತ್ತಿರುವ ದೃಶ್ಯ ಅವುಗಳಲ್ಲಿ ಕಾಣುತ್ತದೆ. ಗೋಡೆಗೆ ತಾಗುವಂತೆ ಕಟ್ಟಿದ ಇಳಿಜಾರು ದಿಬ್ಬದ ಮೇಲೆ, ಚೂಪಾದ ದೂಲಗಳುಳ್ಳ ಯಂತ್ರಗಳು ಏರುತ್ತಿವೆ. ಅವುಗಳ ಹಿಂದೆ ಬಿಲ್ಲುಗಾರರೂ ಕವಣೆಯವರೂ ಸಾಲುಗಟ್ಟಿ ನಿಂತಿದ್ದಾರೆ. ಕೋಟೆಯ ಮೇಲಿನವರು ಉರಿಯುವ ಪಂಜುಗಳನ್ನು ಕೆಳಕ್ಕೆ ಎಸೆಯುತ್ತಿದ್ದಾರೆ. ಅದೇ ಚಿತ್ರದ ಇನ್ನೊಂದು ಬದಿಯಲ್ಲಿ ಕಾಳಗ ಆಗಲೇ ಮುಗಿದಿದೆ. ಸೋತ ಜನರು ಗಂಟುಮೂಟೆ ಹೊತ್ತು ಹೊರಟಿದ್ದಾರೆ. ಎತ್ತಿನ ಬಂಡಿಯೊಂದರಲ್ಲಿ ಸಾಮಾನಿನ ಮೇಲೆ ಹೆಂಗಸರೂ ಮಕ್ಕಳೂ ಕುಳಿತಿದ್ದಾರೆ. ಸಾಲಿನ ಕೊನೆಯಲ್ಲಿ ಎತ್ತರವಾದ ಸಿಂಹಾಸನದ ಮೇಲೆ ಒಬ್ಬ ಚಕ್ರವರ್ತಿ ಆಸೀನನಾಗಿದ್ದಾನೆ. ಅವನು ಅಸ್ಸೀರಿಯದ ದೊರೆ ಸನ್ಹೇರೀಬನೆಂದೂ, ಅವನ ಮುಂದೆ ಸಾಗುತ್ತಿರುವುದು ಲಾಕೀಷ್ ಪಟ್ಟಣದ ಕೊಳ್ಳೆಯೆಂದೂ ಪಕ್ಕದ ಬರಹ ತಿಳಿಸುತ್ತದೆ. ಟೈಗ್ರಿಸ್ ನದಿಯ ದಡದ ನಿನೆವೆ ನಗರದಲ್ಲಿ ಅವನು ಕಟ್ಟಿಸಿದ ಅರಮನೆಯ ಗೋಡೆಗಳನ್ನು ಈ ಫಲಕಗಳು ಅಲಂಕರಿಸಿದ್ದುವು.

ಲಾಕೀಷ್ ಯೆಹೂದ ಎಂಬ ಪುಟ್ಟ ರಾಜ್ಯದ ಪಟ್ಟಣ. ಅಸ್ಸೀರಿಯದ ಸೈನ್ಯವು ತುಳಿದು ಹೋದ ರಾಜ್ಯಗಳು ಎಷ್ಟೋ ಇದ್ದುವು. ಅವುಗಳಲ್ಲಿ ಬಹುಪಾಲಿನ ಹೆಸರು ಉಳಿದಿರುವುದು ಗೆದ್ದವರು ಕೆತ್ತಿಸಿದ ಶಾಸನಗಳಲ್ಲಿ ಮಾತ್ರ. ಸೋತವರು ಏನೆಂದುಕೊಂಡರು, ಹೇಗೆ ಬದುಕಿದರು ಎಂಬುದನ್ನು ಕೇಳಿ ತಿಳಿಯುವ ದಾರಿಯಿಲ್ಲ. ಯೆಹೂದದ ವಿಷಯದಲ್ಲಿ ಹಾಗಲ್ಲ. ಅಲ್ಲಿಯ ಜನರೂ ಬರೆದಿಟ್ಟರು. ಆ ಬರಹವೇ ಇಂದು ಯೆಹೂದ್ಯರ ಧರ್ಮಗ್ರಂಥವಾಗಿ, ಕ್ರೈಸ್ತರ ಬೈಬಲ್ಲಿನ ಮೊದಲ ಭಾಗವಾಗಿ ಉಳಿದಿದೆ. ಕಲ್ಲಿನ ಮಾತನ್ನೂ ಗ್ರಂಥದ ಮಾತನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ, ಮಹಾಸಾಮ್ರಾಜ್ಯಗಳ ನಡುವೆ ಒಂದು ಚಿಕ್ಕ ನಾಡು ಹೇಗೆ ಬಾಳಿತೆಂಬುದು ತಿಳಿಯುತ್ತದೆ.

ಈ ನಾಡಿನ ಕಷ್ಟಕ್ಕೆ ಅದರ ಭೂಗೋಳವೇ ಮೊದಲ ಕಾರಣ. ಪಶ್ಚಿಮಕ್ಕೆ ಮೆಡಿಟರೇನಿಯನ್ ಸಮುದ್ರ, ಪೂರ್ವಕ್ಕೆ ಮರುಭೂಮಿ. ಇವೆರಡರ ನಡುವಣ ಕಿರಿದಾದ ಪಟ್ಟಿಯೇ ಈ ಪ್ರದೇಶ. ನೈಋತ್ಯದಲ್ಲಿ ನೈಲ್ ನದಿಯ ಈಜಿಪ್ಟು; ಈಶಾನ್ಯದಲ್ಲಿ ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳ ಮೆಸೊಪೊಟೇಮಿಯ. ಒಂದು ಕಡೆಯಿಂದ ಇನ್ನೊಂದು ಕಡೆಗೆ ವ್ಯಾಪಾರಿ ಹೋಗಬೇಕಾದರೂ ಸೈನ್ಯ ಹೋಗಬೇಕಾದರೂ ಈ ಪಟ್ಟಿಯ ಮೇಲೆಯೇ ಹಾಯಬೇಕು. ದಾರಿಯ ಮೇಲೆ ಮನೆ ಕಟ್ಟಿದವನಿಗೆ ಲಾಭವೂ ಉಂಟು, ನಿದ್ದೆಗೇಡೂ ಉಂಟು. ಇಸ್ರಾಯೇಲ್ ಎಂಬ ಹೆಸರು ದೊರೆಯುವ ಅತ್ಯಂತ ಹಳೆಯ ಶಾಸನವೂ ಗೆದ್ದವನದೇ. ಕ್ರಿ.ಪೂ. 1208ರ ಸುಮಾರಿನಲ್ಲಿ ಈಜಿಪ್ಟಿನ ದೊರೆ ಮೆರ್ನೆಪ್ಟಾ ಅದನ್ನು ಹಾಕಿಸಿದನು. ಇಸ್ರಾಯೇಲ್ ಜನವನ್ನು ಬೀಜವುಳಿಯದಂತೆ ನಾಶಮಾಡಿದೆನೆಂದು ಅವನು ಅದರಲ್ಲಿ ಹೇಳಿಕೊಂಡಿದ್ದಾನೆ. ಆ ಜನದ ಇತಿಹಾಸವು ಆಗಿನ್ನೂ ಆರಂಭವಾಗುತ್ತಿದ್ದಿತಷ್ಟೆ.

ಮುಂದೆ ಅಲ್ಲಿ ಎರಡು ರಾಜ್ಯಗಳು ಬೆಳೆದುವು. ಉತ್ತರದಲ್ಲಿದ್ದುದು ಇಸ್ರಾಯೇಲ್, ಅದರ ರಾಜಧಾನಿ ಸಮಾರ್ಯ. ದಕ್ಷಿಣದ ಬೆಟ್ಟಗಳಲ್ಲಿದ್ದುದು ಯೆಹೂದ. ಅದರ ರಾಜಧಾನಿ ಜೆರುಸಲೇಮ್. ಎರಡೂ ಕಡೆಯ ಜನರ ಭಾಷೆಯೂ ದೇವರೂ ಒಂದೇ. ಉತ್ತರದ ರಾಜ್ಯವು ಫಲವತ್ತಾದ ನೆಲವನ್ನೂ ಹೆದ್ದಾರಿಗಳನ್ನೂ ಪಡೆದು ಹೆಚ್ಚು ಶ್ರೀಮಂತವಾಗಿದ್ದಿತು. ಆದುದರಿಂದಲೇ ಸಾಮ್ರಾಜ್ಯದ ಕಣ್ಣು ಮೊದಲು ಬಿದ್ದುದೂ ಅದರ ಮೇಲೆ.

ಕ್ರಿ.ಪೂ. 853ರಲ್ಲಿ ಅಸ್ಸೀರಿಯದ ದೊರೆ ಮೂರನೆಯ ಶಲ್ಮನೆಸೆರನು ಪಶ್ಚಿಮಕ್ಕೆ ದಂಡೆತ್ತಿ ಬಂದನು. ಸಿರಿಯ ದೇಶದ ಕರ್ಕರ್ ಎಂಬಲ್ಲಿ ಹಲವು ಅರಸರು ಒಟ್ಟುಗೂಡಿ ಅವನನ್ನು ಎದುರಿಸಿದರು. ಅವರಲ್ಲಿ ಇಸ್ರಾಯೇಲಿನ ಆಹಾಬನೂ ಒಬ್ಬ. ಅವನು 2,000 ರಥಗಳನ್ನೂ 10,000 ಕಾಲಾಳುಗಳನ್ನೂ ತಂದಿದ್ದನೆಂದು ಶಲ್ಮನೆಸೆರನ ಶಾಸನ ಹೇಳುತ್ತದೆ. ರಥಗಳ ಲೆಕ್ಕ ಅತಿಶಯವೆಂದು ಹಲವು ವಿದ್ವಾಂಸರು ಸಂದೇಹಿಸುತ್ತಾರೆ. ಗೆದ್ದೆನೆನ್ನುವವನು ಶತ್ರುವಿನ ಬಲವನ್ನು ಹಿಗ್ಗಿಸಿ ಹೇಳುವುದು ಸಹಜವೇ. ವಿಚಿತ್ರವೆಂದರೆ, ಆಹಾಬನ ವಿಷಯವಾಗಿ ಬಹಳಷ್ಟು ಹೇಳುವ ಬೈಬಲ್ ಈ ಯುದ್ಧದ ಮಾತನ್ನೇ ಎತ್ತುವುದಿಲ್ಲ. ಅದರ ಲೇಖಕರಿಗೆ ಅರಸನ ರಥಗಳಿಗಿಂತ ಅವನ ಧರ್ಮಾಧರ್ಮಗಳ ವಿಚಾರ ಮುಖ್ಯವಾಗಿದ್ದಿತು. ಕ್ರಿ.ಪೂ. 841ರಲ್ಲಿ ಇಸ್ರಾಯೇಲಿನ ಇನ್ನೊಬ್ಬ ಅರಸ ಯೇಹು ಕಪ್ಪವೊಪ್ಪಿಸಿದನು. ಅವನೋ ಅವನ ದೂತನೋ ಶಲ್ಮನೆಸೆರನ ಮುಂದೆ ನೆಲಕ್ಕೆ ಹಣೆಯಿಟ್ಟಿರುವ ಚಿತ್ರ, 1846ರಲ್ಲಿ ದೊರೆತ ಕರಿಯ ಕಲ್ಲಿನ ಕಂಬವೊಂದರ ಮೇಲಿದೆ. ಅದರಲ್ಲಿ ಯೇಹುವನ್ನು ಒಮ್ರಿಯ ಮಗನೆಂದು ಕರೆದಿದ್ದಾರೆ. ಬೈಬಲ್ಲಿನ ಪ್ರಕಾರ ಒಮ್ರಿಯ ವಂಶವನ್ನು ನಿರ್ಮೂಲ ಮಾಡಿದವನೇ ಈ ಯೇಹು! ಕಪ್ಪ ಬಂದರೆ ಸಾಕು, ತಂದವನು ಯಾವ ವಂಶದವನಾದರೇನೆಂಬ ಉದಾಸೀನ ಸಾಮ್ರಾಜ್ಯದ ಲಿಪಿಕಾರನಿಗೆ ಇದ್ದಿರಬೇಕು.

ಕಪ್ಪದ ಭಾರ ಬೀಳುತ್ತಿದ್ದುದು ಪ್ರಜೆಗಳ ಮೇಲೆ. ಇಸ್ರಾಯೇಲಿನ ಅರಸ ಮೆನಹೇಮನು ಅಸ್ಸೀರಿಯಕ್ಕೆ 1,000 ತಲಾಂತು ಬೆಳ್ಳಿಯನ್ನು ಕೊಟ್ಟನೆಂದೂ, ಅದಕ್ಕಾಗಿ ಧನವಂತರಿಂದ ತಲೆಗೆ 50 ಶೆಕೆಲ್‌ಗಳಂತೆ ವಸೂಲು ಮಾಡಿದನೆಂದೂ ಬೈಬಲ್ ತಿಳಿಸುತ್ತದೆ. ಒಂದು ತಲಾಂತು ಎಂದರೆ ಸುಮಾರು 30 ಕಿಲೋಗ್ರಾಂ ತೂಕ. ಅದಕ್ಕೆ 3,000 ಶೆಕೆಲ್‌ಗಳು. ಲೆಕ್ಕ ಹಾಕಿದರೆ 60,000 ಮಂದಿ ಈ ಹಣ ತೆತ್ತಂತಾಗುತ್ತದೆ.

ಆಗ ಅಸ್ಸೀರಿಯದ ಸಿಂಹಾಸನದಲ್ಲಿದ್ದವನು ಮೂರನೆಯ ತಿಗ್ಲತ್ ಪಿಲೆಸರ್. ಕ್ರಿ.ಪೂ. 745ರಿಂದ 727ರವರೆಗೆ ಆಳಿದ ಇವನು ಸಾಮ್ರಾಜ್ಯದ ರೀತಿಯನ್ನೇ ಬದಲಾಯಿಸಿದನು. ಮೊದಲು ಕಪ್ಪ ತೆಗೆದುಕೊಂಡು ಹಿಂದಿರುಗುತ್ತಿದ್ದ ಸೈನ್ಯ ಈಗ ಅಲ್ಲಿಯೇ ನಿಲ್ಲತೊಡಗಿತು. ತಲೆಬಾಗಿದ ಅರಸನು ಮಾಂಡಲಿಕನಾಗಿ ಉಳಿಯುತ್ತಿದ್ದನು. ತಿರುಗಿಬಿದ್ದರೆ ಅವನ ನೆಲದ ಒಂದು ಭಾಗ ಹೋಗುತ್ತಿದ್ದಿತು. ಮತ್ತೊಮ್ಮೆ ತಿರುಗಿಬಿದ್ದರೆ ರಾಜ್ಯವೇ ಇಲ್ಲವಾಗಿ ಅಸ್ಸೀರಿಯದ ಅಧಿಕಾರಿ ಬಂದು ಕೂರುತ್ತಿದ್ದನು. ಜನರನ್ನು ಬೇರುಸಹಿತ ಕಿತ್ತು ದೂರದ ಪ್ರಾಂತಗಳಿಗೆ ಒಯ್ಯುತ್ತಿದ್ದರು. ಆ ಜಾಗಕ್ಕೆ ಮತ್ತೆಲ್ಲಿಂದಲೋ ಕಿತ್ತ ಜನರನ್ನು ತಂದು ನೆಡುತ್ತಿದ್ದರು. ಇದರ ಹಿಂದೆ ಕ್ರೌರ್ಯದ ಜೊತೆಗೆ ಲೆಕ್ಕಾಚಾರವೂ ಇದ್ದಿತು. ಹೊಲ ಉಳಲು, ಅರಮನೆ ಕಟ್ಟಲು, ಸೈನ್ಯ ಸೇರಲು ಆಳು ಬೇಕು. ತಾಯ್ನೆಲದಿಂದ ದೂರವಾದವನು ದಂಗೆಯೇಳುವುದು ಕಷ್ಟ.

ಇಸ್ರಾಯೇಲ್ ಈ ಮೂರು ಮೆಟ್ಟಿಲುಗಳನ್ನೂ ಇಳಿಯಿತು. ಕ್ರಿ.ಪೂ. 732ರ ವೇಳೆಗೆ ಗಲಿಲಾಯ ಪ್ರಾಂತ ಕೈಬಿಟ್ಟಿತು. ಕೊನೆಯ ಅರಸ ಹೋಶೇಯನು ಈಜಿಪ್ಟನ್ನು ನಂಬಿ ಕಪ್ಪ ನಿಲ್ಲಿಸಿದನು, ಕ್ರಿ.ಪೂ. 722ರ ಸುಮಾರಿಗೆ ಸಮಾರ್ಯವು ಬಿದ್ದುಹೋಯಿತು. ಅಲ್ಲಿಂದ ತಾನು 27,290 ಮಂದಿಯನ್ನು ಸೆರೆಯೊಯ್ದೆನೆಂದು ಎರಡನೆಯ ಸಾರ್ಗೋನನು ಬರೆಸಿದ್ದಾನೆ. ಹೋದವರು ಪರನಾಡಿನ ಜನರಲ್ಲಿ ಬೆರೆತು ಕ್ರಮೇಣ ಕಾಣದಾದರು. ಆ ರಾಜ್ಯ ಮತ್ತೆ ಏಳಲಿಲ್ಲ.

ದಕ್ಷಿಣದ ಯೆಹೂದ ಇದನ್ನೆಲ್ಲ ಹತ್ತಿರದಿಂದ ಕಂಡಿತು. ಈ ಕಾಲದಲ್ಲಿ ಜೆರುಸಲೇಮ್ ಹಿಂದೆಂದಿಗಿಂತಲೂ ದೊಡ್ಡದಾಗಿ ಬೆಳೆಯಿತೆಂದು ಉತ್ಖನನಗಳು ತೋರಿಸಿವೆ. ಉತ್ತರದಿಂದ ಓಡಿಬಂದ ನಿರಾಶ್ರಿತರು ಅಲ್ಲಿ ನೆಲೆಸಿರಬೇಕೆಂದು ಅನೇಕ ಇತಿಹಾಸಕಾರರ ಊಹೆ. ಕ್ರಿ.ಪೂ. 705ರಲ್ಲಿ ಸಾರ್ಗೋನನು ರಣರಂಗದಲ್ಲಿ ಸತ್ತಾಗ ಸಾಮ್ರಾಜ್ಯದ ನಾನಾ ಕಡೆ ದಂಗೆಗಳೆದ್ದುವು. ಯೆಹೂದದ ಅರಸ ಹಿಜ್ಕೀಯನೂ ಕಪ್ಪ ನಿಲ್ಲಿಸಿದನು. ಪ್ರತೀಕಾರ ಬಂದೇ ಬರುವುದೆಂದು ತಿಳಿದಿದ್ದ ಅವನು ಕೋಟೆಯನ್ನು ಭದ್ರಪಡಿಸಿದನು; ಊರ ಹೊರಗಿನ ಚಿಲುಮೆಯ ನೀರನ್ನು ಬೆಟ್ಟದೊಳಗಿನಿಂದ ಊರಿನೊಳಕ್ಕೆ ತಿರುಗಿಸಿದನು.

ಆ ಸುರಂಗವು ಇಂದಿಗೂ ಇದೆ. ಅದರ ಉದ್ದ ಸುಮಾರು 533 ಮೀಟರು. 1880ರಲ್ಲಿ ಅದರೊಳಗೆ ಹೋಗಿದ್ದ ಬಾಲಕನೊಬ್ಬನ ಕಣ್ಣಿಗೆ ಗೋಡೆಯ ಮೇಲೊಂದು ಬರಹ ಬಿದ್ದಿತು. ಎರಡು ತಂಡಗಳು ಎರಡು ತುದಿಗಳಿಂದ ಬಂಡೆಯನ್ನು ಕೊರೆಯುತ್ತ ಬಂದುದು, ಇನ್ನು ಕೆಲವೇ ಮೊಳ ಉಳಿದಿರುವಾಗ ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಿಸಿದುದು, ಕೊನೆಗೆ ಗುದ್ದಲಿಗೆ ಗುದ್ದಲಿ ಎದುರಾಗಿ ನೀರು ಹರಿದುದು ಆ ಬರಹದ ವಿಷಯ. ಅದರಲ್ಲಿ ಅರಸನ ಹೆಸರಿಲ್ಲ, ದೇವರ ಹೆಸರೂ ಇಲ್ಲ. ಕಲ್ಲು ಕಡಿದವರ ಹಿಗ್ಗು ಮಾತ್ರ ಇದೆ. ಆ ಕಾಲದ ದೊರೆಗಳ ಜಯಶಾಸನಗಳನ್ನು ಓದಿ ಬೇಸತ್ತವರಿಗೆ ಈ ಆರು ಸಾಲುಗಳು ತಂಪೆನಿಸುತ್ತವೆ.

ಕ್ರಿ.ಪೂ. 701ರಲ್ಲಿ ಸಾರ್ಗೋನನ ಮಗ ಸನ್ಹೇರೀಬನು ಬಂದನು. ಜೆರುಸಲೇಮಿನ ನೈಋತ್ಯಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿದ್ದ ಲಾಕೀಷನ್ನು ಮುತ್ತಿದನು. ಅವನ ಸೈನಿಕರು ಕಲ್ಲು ಪೇರಿಸಿ ಕಟ್ಟಿದ ದಿಬ್ಬ ಅಲ್ಲಿ ಇಂದಿಗೂ ಉಳಿದಿದೆ. ಅದಕ್ಕೆ ಎದುರಾಗಿ ಊರಿನವರು ಕೋಟೆಯ ಒಳಬದಿಯಲ್ಲಿ ಇನ್ನೊಂದು ದಿಬ್ಬವನ್ನು ಅವಸರವಾಗಿ ಒಟ್ಟಿದುದೂ, ನೂರಾರು ಬಾಣದ ಮೊನೆಗಳೂ, ಕವಣೆಕಲ್ಲುಗಳೂ 20ನೆಯ ಶತಮಾನದ ಉತ್ಖನನಗಳಲ್ಲಿ ಬೆಳಕಿಗೆ ಬಂದುವು. ನಿನೆವೆಯ ಶಿಲ್ಪಿ ಕೆತ್ತಿದುದು ಕೇವಲ ಕಲ್ಪನೆಯಲ್ಲವೆಂದು ಇದರಿಂದ ಸಿದ್ಧವಾಯಿತು.

ಲಾಕೀಷಿನ ಬೀಡಿನಿಂದಲೇ ಸನ್ಹೇರೀಬನು ಜೆರುಸಲೇಮಿಗೆ ಅಧಿಕಾರಿಗಳನ್ನು ಕಳುಹಿಸಿದನು. ಬೈಬಲ್ಲಿನ ಅರಸುಗಳ ಗ್ರಂಥದಲ್ಲಿ ಈ ಪ್ರಸಂಗದ ವಿವರಣೆ ಕಣ್ಣಿಗೆ ಕಟ್ಟುವಂತಿದೆ. ಅಸ್ಸೀರಿಯದ ಅಧಿಕಾರಿಯೊಬ್ಬನು ಕೋಟೆಯ ಕೆಳಗೆ ನಿಂತು ಹೀಬ್ರೂ ಭಾಷೆಯಲ್ಲಿಯೇ ಗಟ್ಟಿಯಾಗಿ ಮಾತನಾಡತೊಡಗಿದನು. ಈಜಿಪ್ಟನ್ನು ನಂಬುವುದು ಮುರಿದ ಜೊಂಡಿನ ಮೇಲೆ ಭಾರ ಹಾಕಿದಂತೆ, ಅದು ಕೈಗೇ ಚುಚ್ಚೀತೆಂದು ಹಂಗಿಸಿದನು. ಗೋಡೆಯ ಮೇಲೆ ಜನ ಕುಳಿತು ಕೇಳುತ್ತಿದ್ದರು. ಹಿಜ್ಕೀಯನ ಮಂತ್ರಿಗಳು ಗಾಬರಿಗೊಂಡು, ತಮಗೆ ಅರಾಮಿಕ್ ಭಾಷೆ ಬರುವುದೆಂದೂ ಅದರಲ್ಲಿ ಮಾತನಾಡಬೇಕೆಂದೂ ಬೇಡಿಕೊಂಡರು. ಅವನು ಒಪ್ಪಲಿಲ್ಲ. ಮುತ್ತಿಗೆಯಲ್ಲಿ ಹಸಿವು ನೀರಡಿಕೆಗಳಿಗೆ ತುತ್ತಾಗುವವರು ಗೋಡೆಯ ಮೇಲಿರುವ ಜನರೇ ಆದುದರಿಂದ ಅವರೇ ಕೇಳಲಿ ಎಂದನು. ಇವನ ಮಾತು ಮುತ್ತಿಗೆಯ ಯಂತ್ರಕ್ಕಿಂತ ಹರಿತವಾಗಿದ್ದಿತು. ಬೈಬಲ್ಲಿನ ಲೇಖಕರು ಶತ್ರುವಿನ ವಾದವನ್ನು ಮೊಟಕುಮಾಡದೆ ಬರೆದಿಟ್ಟಿದ್ದಾರೆ, ಅವರನ್ನು ಮೆಚ್ಚಬೇಕು.

ಆದರೂ ಜೆರುಸಲೇಮ್ ಬೀಳಲಿಲ್ಲ. ಒಂದೇ ರಾತ್ರಿಯಲ್ಲಿ ದೇವದೂತನು 1,85,000 ಸೈನಿಕರನ್ನು ಸಂಹರಿಸಿದನೆಂದು ಬೈಬಲ್ ಹೇಳುತ್ತದೆ. ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಅವನ ಊರಿನಲ್ಲಿಯೇ ಕೂಡಿಹಾಕಿದೆನೆಂದು ಸನ್ಹೇರೀಬನ ಶಾಸನ ಹೇಳುತ್ತದೆ. ಊರನ್ನು ಹಿಡಿದೆನೆಂದು ಮಾತ್ರ ಹೇಳುವುದಿಲ್ಲ. ಇಬ್ಬರೂ ಒಪ್ಪುವ ಸಂಗತಿಯೊಂದಿದೆ: ಹಿಜ್ಕೀಯನು 30 ತಲಾಂತು ಬಂಗಾರವನ್ನು ತೆತ್ತನು. ಬೆಳ್ಳಿ ಮಾತ್ರ ಬೈಬಲ್ಲಿನಲ್ಲಿ 300 ತಲಾಂತು, ಶಾಸನದಲ್ಲಿ 800. ಗೋಡೆಗೋಡೆಯಾಗಿ ಲಾಕೀಷನ್ನು ಕೆತ್ತಿಸಿದ ದೊರೆ ಜೆರುಸಲೇಮನ್ನು ಕೆತ್ತಿಸಲಿಲ್ಲ. ಜೆರುಸಲೇಮಿನ ಬಿಡುಗಡೆಯನ್ನು ವಿಸ್ತಾರವಾಗಿ ವರ್ಣಿಸಿದ ಗ್ರಂಥ ಲಾಕೀಷಿನ ಗತಿಯನ್ನು ಹೇಳುವುದೇ ಇಲ್ಲ. ಬಂಡಿಯ ಮೇಲೆ ಕುಳಿತು ಹೋದ ಆ ಮಕ್ಕಳ ಸಂಗತಿ ತಿಳಿಯಬೇಕಾದರೆ ಗೆದ್ದವನ ಕಲ್ಲನ್ನೇ ನೋಡಬೇಕು. 46 ಕೋಟೆಯೂರುಗಳನ್ನು ಹಿಡಿದು 2,00,150 ಜನರನ್ನು ಹೊರಡಿಸಿದೆನೆಂಬ ಸನ್ಹೇರೀಬನ ಮಾತಿನಲ್ಲಿ ಉತ್ಪ್ರೇಕ್ಷೆಯಿರಬಹುದು. ಹಿಜ್ಕೀಯನು ರಾಜಧಾನಿಯನ್ನು ಉಳಿಸಿಕೊಂಡು ನಾಡಿನ ಹಸನಾದ ಭಾಗವನ್ನು ಕಳೆದುಕೊಂಡನೆಂಬುದು ಸುಳ್ಳಲ್ಲ.

ಅವನ ಮಗ ಮನಸ್ಸೆ ಅಸ್ಸೀರಿಯಕ್ಕೆ ವಿಧೇಯನಾಗಿ ದೀರ್ಘಕಾಲ ಆಳಿದನು. ನಿನೆವೆಯ ಅರಮನೆಗೆ ಸಾಮಗ್ರಿ ಸಾಗಿಸಿದ ಮಾಂಡಲಿಕರ ಪಟ್ಟಿಯಲ್ಲಿ ಅವನ ಹೆಸರಿದೆ. ಪರದೇವತೆಗಳನ್ನು ಪೂಜಿಸಿದನೆಂದು ಬೈಬಲ್ ಅವನನ್ನು ಅತಿದುಷ್ಟ ಅರಸನೆಂದು ಖಂಡಿಸುತ್ತದೆ. ಆದರೆ ಅವನ ಕಾಲದಲ್ಲಿ ಹಾಳಾದ ಊರುಗಳು ಮತ್ತೆ ತಲೆಯೆತ್ತಿದುವು. ಹೊಲದಲ್ಲಿ ದುಡಿಯುವವನ ಅಭಿಪ್ರಾಯವನ್ನು ಕೇಳಿದ್ದರೆ, ಅವನು ಈ ಅರಸನನ್ನು ಅಷ್ಟು ನಿಷ್ಠುರವಾಗಿ ನಿಂದಿಸುತ್ತಿದ್ದನೋ ಇಲ್ಲವೋ.

ಈ ಅಧೀನತೆಯ ಕಾಲದಲ್ಲಿ ಮತ್ತೊಂದು ಕೆಲಸ ಸದ್ದಿಲ್ಲದೆ ನಡೆಯಿತು. ಅಸ್ಸೀರಿಯದ ಚಕ್ರವರ್ತಿಗಳು ಮಾಂಡಲಿಕರಿಂದ ಪ್ರಮಾಣಪತ್ರ ಬರೆಯಿಸುತ್ತಿದ್ದರು. ಕ್ರಿ.ಪೂ. 672ರಲ್ಲಿ ಎಸರ್ಹದ್ದೋನನು ಮಾಡಿಸಿದ ಅಂಥ ಪ್ರಮಾಣದ ಪ್ರತಿಗಳು ದೊರೆತಿವೆ. ದೊರೆಯನ್ನು ತನ್ನ ಪ್ರಾಣದಂತೆ ಪ್ರೀತಿಸಬೇಕು, ಅವನನ್ನಲ್ಲದೆ ಬೇರೊಬ್ಬನನ್ನು ಒಡೆಯನೆನ್ನಬಾರದು, ಇದನ್ನು ಮಕ್ಕಳಿಗೂ ಕಲಿಸಬೇಕು, ತಪ್ಪಿದರೆ ಘೋರವಾದ ಶಾಪಗಳು ತಟ್ಟುವುವು ಎಂಬುದು ಅದರ ಧಾಟಿ. ಬೈಬಲ್ಲಿನ ಧರ್ಮೋಪದೇಶಕಾಂಡದ ಧಾಟಿಯೂ ಇದನ್ನು ಬಹಳ ಹೋಲುತ್ತದೆಂದು ವಿದ್ವಾಂಸರು ತೋರಿಸಿದ್ದಾರೆ. ಅಲ್ಲಿ ಪೂರ್ಣಹೃದಯದ ನಿಷ್ಠೆ ಸಲ್ಲಬೇಕಾದುದು ದೇವರಿಗೆ, ನಿನೆವೆಯ ದೊರೆಗಲ್ಲ. ಸಾಮ್ರಾಜ್ಯವು ಕಲಿಸಿದ ಭಾಷೆಯಲ್ಲಿಯೇ ಆ ಜನರು ಸಾಮ್ರಾಜ್ಯಕ್ಕೆ ಮಿಗಿಲಾದ ಒಡೆಯನೊಬ್ಬನನ್ನು ಹೆಸರಿಸಿದರು. ಆ ಕಾಲದ ಸಾಮಾನ್ಯ ನಂಬಿಕೆಯಂತೆ, ಸೋತ ನಾಡಿನ ದೇವರೂ ಸೋತಂತೆಯೇ ಸರಿ. ಆದರೆ ಪ್ರವಾದಿ ಯೆಶಾಯನು ಅಸ್ಸೀರಿಯವನ್ನು ತನ್ನ ದೇವರ ಕೈಯ ಬೆತ್ತವೆಂದು ಕರೆದನು. ಹೀಗೆ ತಿಳಿದವರಿಗೆ ಸೋಲಿನ ಅರ್ಥವೇ ಬೇರೆಯಾಯಿತು.

ಕ್ರಿ.ಪೂ. 612ರಲ್ಲಿ ನಿನೆವೆಯೇ ಬಿದ್ದಿತು. ಬ್ಯಾಬಿಲೋನಿಯನರೂ ಮೀಡಿಯನರೂ ಸೇರಿ ಅದನ್ನು ಹಾಳುಗೆಡವಿದರು. ಲಾಕೀಷಿನ ಉಬ್ಬುಚಿತ್ರದಲ್ಲಿ ಸಿಂಹಾಸನದ ಮೇಲಿರುವ ಸನ್ಹೇರೀಬನ ಮುಖವನ್ನು ಯಾರೋ ಬೇಕೆಂದೇ ಕೆತ್ತಿ ಹಾಕಿದ್ದಾರೆ. ಅದು ಈ ಸಂದರ್ಭದಲ್ಲಿಯೇ ನಡೆದಿರಬೇಕು.

ಒಡೆಯರು ಬದಲಾದರೂ ಯೆಹೂದದ ಪಾಡು ಬದಲಾಗಲಿಲ್ಲ. ಕ್ರಿ.ಪೂ. 609ರಲ್ಲಿ ಅರಸ ಯೋಷೀಯನು ಮೆಗಿದ್ದೋ ಎಂಬಲ್ಲಿ ಈಜಿಪ್ಟಿನ ದೊರೆಯ ಕೈಯಲ್ಲಿ ಮಡಿದನು. ನಾಲ್ಕು ವರ್ಷಗಳ ಅನಂತರ ಬ್ಯಾಬಿಲೋನಿನ ನೆಬುಕದ್ನೆಚ್ಚರನು ಈಜಿಪ್ಟನ್ನು ಸೋಲಿಸಿದನು. ಕ್ರಿ.ಪೂ. 597ರ ಮಾರ್ಚ್ ತಿಂಗಳಿನಲ್ಲಿ ಜೆರುಸಲೇಮ್ ಅವನ ವಶವಾಯಿತು; ಬ್ಯಾಬಿಲೋನಿನ ಮಣ್ಣಿನ ಫಲಕವೊಂದು ಅದರ ದಿನವನ್ನು ಕೂಡ ದಾಖಲಿಸಿದೆ. ಹದಿನೆಂಟು ವರ್ಷದ ಅರಸ ಯೆಹೋಯಾಖೀನನೂ, ಅಧಿಕಾರಿಗಳೂ, ಕಮ್ಮಾರರೇ ಮೊದಲಾದ ಕಸುಬುದಾರರೂ ಸೆರೆಹೋದರು. ಅವನ ಜಾಗದಲ್ಲಿ ನಿಂತ ಚಿದ್ಕೀಯನು ಕೆಲವು ವರ್ಷಗಳಲ್ಲಿ ದಂಗೆಯೆದ್ದನು. ಬ್ಯಾಬಿಲೋನಿಗೆ ತಲೆಬಾಗಿ ಜನರ ಜೀವವನ್ನು ಉಳಿಸಬೇಕೆಂದು ಪ್ರವಾದಿ ಯೆರೆಮೀಯನು ಬೀದಿಬೀದಿಯಲ್ಲಿ ಸಾರಿದನು. ಅವನನ್ನು ದೇಶದ್ರೋಹಿಯೆಂದು ಕೆಸರುತುಂಬಿದ ಬಾವಿಗೆ ಇಳಿಯಬಿಟ್ಟರು.

ಈ ಕೊನೆಯ ದಿನಗಳ ಒಂದು ಸಣ್ಣ ಸಾಕ್ಷ್ಯ 1935ರಲ್ಲಿ ಅದೇ ಲಾಕೀಷಿನಲ್ಲಿ ದೊರೆಯಿತು. ಕೋಟೆಬಾಗಿಲಿನ ಬಳಿಯ ಕೋಣೆಯೊಂದರ ಬೂದಿಯಲ್ಲಿ, ಮಡಕೆಯ ಚೂರುಗಳ ಮೇಲೆ ಮಸಿಯಿಂದ ಬರೆದ ಕಾಗದಗಳು ಸಿಕ್ಕಿದುವು. ಒಂದರಲ್ಲಿ ಹೊರಠಾಣ್ಯದ ಸೈನಿಕನೊಬ್ಬನು, ತಾವು ಲಾಕೀಷಿನ ಬೆಂಕಿಯ ಸಂಕೇತಗಳನ್ನೇ ಕಾಯುತ್ತಿರುವುದಾಗಿಯೂ ಅಜೇಕದ್ದು ಕಾಣುತ್ತಿಲ್ಲವೆಂದೂ ತನ್ನ ಮೇಲಧಿಕಾರಿಗೆ ತಿಳಿಸಿದ್ದಾನೆ. ಕೋಟೆಯೂರುಗಳಲ್ಲಿ ಲಾಕೀಷ್ ಮತ್ತು ಅಜೇಕ ಎರಡೇ ಉಳಿದಿದ್ದುವೆಂದು ಯೆರೆಮೀಯನ ಗ್ರಂಥವೂ ಹೇಳುತ್ತದೆ. ಕ್ರಿ.ಪೂ. 586ರ ಸುಮಾರಿಗೆ ಜೆರುಸಲೇಮಿನ ಗೋಡೆ ಒಡೆಯಿತು. ದೇವಾಲಯ ಸುಟ್ಟುಹೋಯಿತು. ಚಿದ್ಕೀಯನ ಮಕ್ಕಳನ್ನು ಅವನ ಕಣ್ಣೆದುರಿನಲ್ಲಿ ಕೊಂದು, ಆಮೇಲೆ ಆ ಕಣ್ಣುಗಳನ್ನು ಕಿತ್ತರು.

ಉತ್ತರದವರಂತೆ ಇವರೂ ಅಳಿದುಹೋಗಬೇಕಾಗಿದ್ದಿತು. ಹಾಗಾಗದಿರಲು ಒಂದು ಕಾರಣ ಬ್ಯಾಬಿಲೋನಿನ ಪದ್ಧತಿ. ಅದು ಸೆರೆಯವರನ್ನು ಚದರಿಸದೆ ಒಂದೊಂದು ನಾಡಿನವರನ್ನು ಒಟ್ಟಾಗಿಯೇ ನೆಲೆಗೊಳಿಸಿತು. ಸೆರೆಯಲ್ಲಿದ್ದ ಯೆಹೋಯಾಖೀನನಿಗೂ ಅವನ ಐವರು ಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಲೆಕ್ಕ ಅಲ್ಲಿಯ ಅರಮನೆಯ ಫಲಕಗಳಲ್ಲಿದೆ. ಅವುಗಳಲ್ಲಿಯೂ ಅವನನ್ನು ಯೆಹೂದದ ಅರಸನೆಂದೇ ಕರೆದಿದ್ದಾರೆ. ಯೆಹೂದದವರ ಊರು ಎಂಬ ಅರ್ಥದ ಹೆಸರುಳ್ಳ ಗ್ರಾಮವೊಂದು ಬ್ಯಾಬಿಲೋನಿಯದಲ್ಲಿದ್ದಿತು. ಅಲ್ಲಿ ಅವರು ಉತ್ತಿದುದು, ಸಾಲ ಪಡೆದುದು, ತೆರಿಗೆ ಕಟ್ಟಿದುದು, ಇವನ್ನೆಲ್ಲ ತಿಳಿಸುವ ಫಲಕಗಳು ಪುರಾತನ ವಸ್ತುಗಳ ಮಾರುಕಟ್ಟೆಯ ಮೂಲಕ ಬೆಳಕಿಗೆ ಬಂದು, 2014ರಲ್ಲಿ ಅವುಗಳ ಒಂದು ದೊಡ್ಡ ಸಂಗ್ರಹ ಪ್ರಕಟವಾಯಿತು. ಇನ್ನೊಂದು ಕಾರಣ ಬರಹ. ಅರಸನಿಲ್ಲ, ದೇವಾಲಯವಿಲ್ಲ, ನೆಲವಿಲ್ಲ. ಹೊತ್ತು ತರಬಹುದಾಗಿದ್ದುದು ನೆನಪನ್ನು ಮಾತ್ರ. ಹಳೆಯ ಕಥೆಗಳನ್ನೂ ಕಟ್ಟಳೆಗಳನ್ನೂ ಪ್ರವಾದಿಗಳ ಮಾತುಗಳನ್ನೂ ಅವರು ಕೂಡಿಸಿ ತಿದ್ದಿ ಬರೆದುದು ಬಹುಮಟ್ಟಿಗೆ ಈ ಕಾಲದಲ್ಲಿ ಮತ್ತು ಇದರ ಅನಂತರ. ಒಡೆಯರಿಂದ ಅವರು ಪಡೆದುದೂ ಉಂಟು. ಯೆಹೂದ್ಯರ ಪಂಚಾಂಗದ ತಿಂಗಳುಗಳ ಹೆಸರುಗಳು ಇಂದಿಗೂ ಬ್ಯಾಬಿಲೋನಿನವು. ಹೀಬ್ರೂವಿನ ಈಗಿನ ಲಿಪಿಯು ಸಾಮ್ರಾಜ್ಯಗಳ ಆಡಳಿತಭಾಷೆಯಾಗಿದ್ದ ಅರಾಮಿಕ್‌ನಿಂದ ಬಂದುದು.

ಕ್ರಿ.ಪೂ. 539ರಲ್ಲಿ ಪರ್ಷಿಯದ ಸೈರಸನು ಬ್ಯಾಬಿಲೋನನ್ನು ಗೆದ್ದನು. ಕನ್ನಡ ಬೈಬಲ್ಲಿನಲ್ಲಿ ಇವನ ಹೆಸರು ಕೋರೆಷ. 1879ರಲ್ಲಿ ದೊರೆತ ಅವನ ಮಣ್ಣಿನ ಉರುಳೆಯ ಬರಹದಲ್ಲಿ, ಸೆರೆಬಂದಿದ್ದ ದೇವತಾಮೂರ್ತಿಗಳನ್ನು ಅವುಗಳ ಗುಡಿಗಳಿಗೆ ಕಳುಹಿಸಿದೆನೆಂಬ ಮಾತಿದೆ, ಯೆಹೂದದ ಹೆಸರಿಲ್ಲ. ಬೈಬಲ್ಲಾದರೋ ಈ ಪರದೇಶದ ದೊರೆಯನ್ನು ದೇವರ ಅಭಿಷಿಕ್ತನೆಂದು ಕರೆದಿದೆ. ಹಿಂದಿರುಗಿದವರು ಜೆರುಸಲೇಮಿನಲ್ಲಿ ದೇವಾಲಯಕ್ಕೆ ಮತ್ತೆ ತಳಹದಿ ಹಾಕಿದಾಗ ಕಿರಿಯರು ಹರ್ಷದಿಂದ ಕೂಗಿದರು. ಮೊದಲಿನ ದೇವಾಲಯವನ್ನು ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು. ಕೂಗು ಯಾವುದು, ಅಳು ಯಾವುದು ಎಂದು ಬೇರ್ಪಡಿಸಲು ಆಗಲಿಲ್ಲವೆಂದು ಎಜ್ರನ ಗ್ರಂಥದಲ್ಲಿದೆ. ದೇವಾಲಯವು ಕ್ರಿ.ಪೂ. 515ರ ಸುಮಾರಿಗೆ ಪೂರ್ಣವಾಯಿತು. ಯೆಹೂದವು ಆಗ ರಾಜ್ಯವಾಗಿರಲಿಲ್ಲ. ಪರ್ಷಿಯದ ಒಂದು ಚಿಕ್ಕ ಪ್ರಾಂತವಾಗಿದ್ದಿತು. ಅನೇಕರು ಹಿಂದಿರುಗಲೂ ಇಲ್ಲ. ಬ್ಯಾಬಿಲೋನಿಯದ ಹೊಲಮನೆಗಳಲ್ಲಿಯೇ ಉಳಿದ ಅವರ ಸಂತತಿಯವರು ಸುಮಾರು 2,500 ವರ್ಷಗಳ ಕಾಲ ಆ ನಾಡಿನಲ್ಲಿ ಬಾಳಿದರು. ಇರಾಕಿನ ಯೆಹೂದ್ಯರಲ್ಲಿ ಬಹುಪಾಲು ಜನರು ಅಲ್ಲಿಂದ ಹೊರಟುದು 1950 ಮತ್ತು 1951ರಲ್ಲಿ.